ಕಿತ್ತ ಮೇಲೆ ಮಾವಿನೊಳಗೆ ಏನೇನು ನಡೆಯುತ್ತದೆ? ತೋಪಿನಿಂದ ತಟ್ಟೆಗೆ ಬರುವಷ್ಟರಲ್ಲಿ ಪೋಷಕಾಂಶ ಏರುವ, ಇಳಿಯುವ ಲೆಕ್ಕ

ಮಾವಿನ ಕಾಲ ಶುರುವಾದರೆ ಕೋಲಾರದ ಕಡೆ ಎರಡು ಮಾತು ತಪ್ಪದೆ ಕೇಳಿಬರುತ್ತವೆ. "ಮರದಲ್ಲೇ ಹಣ್ಣಾಗಿದ್ದು ತಿನ್ನಬೇಕು, ಕಿತ್ತು ಹಣ್ಣು ಮಾಡಿದ್ದರಲ್ಲಿ ಸತ್ವ ಇರಲ್ಲ" ಅನ್ನುವುದು ಒಂದು. "ಹಣ್ಣು ಹಣ್ಣೇ, ಇವತ್ತು ತಿಂದರೂ ಅಷ್ಟೇ, ಹತ್ತು ದಿನ ಬಿಟ್ಟು ತಿಂದರೂ ಅಷ್ಟೇ" ಅನ್ನುವುದು ಇನ್ನೊಂದು. ಎರಡೂ ಪೂರ್ತಿ ಸರಿಯಿಲ್ಲ.

ಶ್ರೀನಿವಾಸಪುರದ ಯಾವುದೋ ತೋಪಿನಲ್ಲಿ ಬೆಳಿಗ್ಗೆ ಕಿತ್ತ ಬಾದಾಮಿ ತಳಿಯ ಮಾವಿನಕಾಯಿ ಮಂಡಿಗೆ ಬಂದು, ಹರಾಜಾಗಿ, ಲಾರಿ ಹತ್ತಿ, ಬೇರೆ ಊರಲ್ಲಿ ಇಳಿದು, ಅಲ್ಲಿ ಹಣ್ಣಾಗಿ, ನಿಮ್ಮ ಮನೆ ತಲುಪುವಷ್ಟರಲ್ಲಿ ವಾರ, ಹತ್ತು ದಿನ ಕಳೆದಿರುತ್ತದೆ. ಇಷ್ಟು ದಿನದಲ್ಲಿ ಅದರೊಳಗಿನ ಕೆಲವು ಪೋಷಕಾಂಶ ಹೆಚ್ಚಾಗಿರುತ್ತವೆ, ಕೆಲವು ಕಮ್ಮಿಯಾಗಿರುತ್ತವೆ, ಕೆಲವು ಇದ್ದ ಹಾಗೇ ಇರುತ್ತವೆ. ಯಾವುದು ಏರುತ್ತದೆ, ಯಾವುದು ಇಳಿಯುತ್ತದೆ, ಯಾಕೆ ಅಂತ ಗೊತ್ತಾದರೆ ಹಣ್ಣು ಕೊಳ್ಳುವುದು, ಇಡುವುದು, ತಿನ್ನುವುದು ಮೂರೂ ಸುಲಭ. ಮಾವನ್ನೇ ಮುಂದಿಟ್ಟುಕೊಂಡು ನೋಡೋಣ. ಪಕ್ಕದಲ್ಲಿ ಪರಂಗಿ, ಸೀಬೆ, ಬಾಳೆ, ಸಪೋಟ, ಚಿಕ್ಕಬಳ್ಳಾಪುರದ ದ್ರಾಕ್ಷಿಯೂ ಬಂದು ಹೋಗುತ್ತವೆ.

ಕಿತ್ತ ಮೇಲೂ ಜೀವ ಇರುತ್ತದೆ

ಮರದಿಂದ ಬಿಡಿಸಿದ ತಕ್ಷಣ ಕಾಯಿ ಸಾಯುವುದಿಲ್ಲ. ಉಸಿರಾಡುತ್ತಲೇ ಇರುತ್ತದೆ. ಗಾಳಿಯಿಂದ ಆಮ್ಲಜನಕ ಎಳೆದುಕೊಳ್ಳುತ್ತದೆ, ತನ್ನೊಳಗಿನ ಸಕ್ಕರೆ ಮತ್ತು ಹುಳಿಯನ್ನು ಸ್ವಲ್ಪ ಸ್ವಲ್ಪವಾಗಿ ಖರ್ಚು ಮಾಡುತ್ತದೆ, ಇಂಗಾಲದ ಡೈಆಕ್ಸೈಡ್, ನೀರಾವಿ, ಶಾಖ ಹೊರಗೆ ಬಿಡುತ್ತದೆ. ಕಾಯಿ ತುಂಬಿ ಒಂದರ ಮೇಲೊಂದು ಜೋಡಿಸಿದ ಕ್ರೇಟುಗಳ ಮಧ್ಯೆ ಕೈ ಇಟ್ಟರೆ ಬೆಚ್ಚಗಿರುತ್ತದಲ್ಲ, ಆ ಬಿಸಿಯಲ್ಲಿ ಬಿಸಿಲಿನ ಪಾಲಿನ ಜೊತೆ ಕಾಯಿಯ ಉಸಿರಿನ ಪಾಲೂ ಇದೆ.

ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಹಿಂದೆ ರಾಗಿಯನ್ನು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಧಾನ್ಯದ ಗುಂಡಿಯಲ್ಲಿ, ತುಂಬಿಡುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಹೊಸ ರಾಗಿ ಬರುವುದಿಲ್ಲ, ಹಗೇವಿನಲ್ಲಿ ಎಷ್ಟಿದೆಯೋ ಅಷ್ಟರಲ್ಲೇ ಮುಂದಿನ ಸುಗ್ಗಿಯ ತನಕ ಸಂಸಾರ ನಡೆಯಬೇಕು. ಕಿತ್ತ ಕಾಯಿಯದ್ದೂ ಅದೇ ಸ್ಥಿತಿ. ಎಲೆಯಿಂದ ಬರುತ್ತಿದ್ದ ಸಕ್ಕರೆ ನಿಂತಿತು. ಬೇರಿನಿಂದ ಬರುತ್ತಿದ್ದ ನೀರು, ಖನಿಜ ನಿಂತಿತು. ಇನ್ನು ಮುಂದೆ ಕೂಡಿಟ್ಟದ್ದೇ ಗತಿ.

ಹಾಗಾಗಿ ಎರಡೇ ವಿಷಯ ಮುಖ್ಯವಾಗುತ್ತವೆ. ಕೀಳುವ ಹೊತ್ತಿಗೆ ಹಗೇವು ಎಷ್ಟು ತುಂಬಿತ್ತು? ಆಮೇಲೆ ಎಷ್ಟು ವೇಗವಾಗಿ ಖಾಲಿಯಾಗುತ್ತಿದೆ? ಮೊದಲನೆಯದು ಕಾಯಿ ಬಲಿತಿತ್ತೋ ಇಲ್ಲವೋ ಅನ್ನುವುದರ ಮೇಲೆ ನಿಂತಿದೆ. ಎರಡನೆಯದು ಹೆಚ್ಚು ಕಡಿಮೆ ಬಿಸಿಯ ಮೇಲೆ. ಸುತ್ತಲಿನ ಬಿಸಿ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಹಣ್ಣಿನ ಉಸಿರಾಟದ ವೇಗ ಎರಡರಿಂದ ಮೂರು ಪಟ್ಟಾಗುತ್ತದೆ. ನೆರಳಲ್ಲಿಟ್ಟ ಹಣ್ಣು ನಾಲ್ಕು ದಿನ ತಡೆದರೆ, ತಗಡಿನ ಚಾವಣಿಯ ಕೆಳಗೆ ಕುದಿಯುವ ಹಣ್ಣು ಎರಡು ದಿನಕ್ಕೇ ಮೆತ್ತಗಾಗುವುದು ಇದಕ್ಕೇ.

2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಹೊರ ರಾಜ್ಯದ ತೋತಾಪುರಿ ಮಾವಿಗೆ ತಡೆ ಹಾಕಿದಾಗ ಕೋಲಾರದ ಬೆಳೆಗಾರರು ಅಷ್ಟು ಕಂಗಾಲಾದದ್ದಕ್ಕೆ ಬೆಲೆಯ ಜೊತೆ ಈ ಕಾರಣವೂ ಇತ್ತು. ನಮ್ಮ ತೋತಾಪುರಿಯ ದೊಡ್ಡ ಪಾಲು ಅಲ್ಲಿನ ತಿರುಳು ಕಾರ್ಖಾನೆಗಳಿಗೆ ಹೋಗುತ್ತದೆ. ಮಾತುಕತೆ ಮುಗಿಯಲಿ ಅಂತ ರಾಗಿ ಕಾಯಬಹುದು, ಬಲಿತ ಮಾವು ಕಾಯುವುದಿಲ್ಲ.

ಹಣ್ಣುಗಳಲ್ಲಿ ಎರಡು ಬಗೆ

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಲೇಬೇಕು, ಯಾಕೆಂದರೆ ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಕೆಲವು ಹಣ್ಣುಗಳು ಕಿತ್ತ ಮೇಲೂ ಹಣ್ಣಾಗುತ್ತವೆ. ಮಾವು, ಬಾಳೆ, ಪರಂಗಿ, ಸಪೋಟ, ಹಲಸು, ಸೀತಾಫಲ ಈ ಗುಂಪಿನವು. ಟೊಮೆಟೊ ಕೂಡ ಇದೇ ಗುಂಪು, ಅದಕ್ಕೇ ಕೋಲಾರದ ಎಪಿಎಂಸಿಯಿಂದ ದೂರದ ಊರಿಗೆ ಹೋಗುವ ಟೊಮೆಟೊವನ್ನು ಪೂರ್ತಿ ಕೆಂಪಾಗುವ ಮೊದಲೇ ಬಿಡಿಸುತ್ತಾರೆ.

ಇನ್ನು ಕೆಲವು ಹಣ್ಣು ಕಿತ್ತ ದಿನ ಹೇಗಿದ್ದವೋ ಹಾಗೇ. ದ್ರಾಕ್ಷಿ, ದಾಳಿಂಬೆ, ನೇರಳೆ, ಕಿತ್ತಳೆ, ಮೂಸಂಬಿ, ಅನಾನಸ್. ಚಿಕ್ಕಬಳ್ಳಾಪುರದ ತೋಟದಲ್ಲಿ ಹುಳಿಯಾಗಿದ್ದಾಗಲೇ ಕೊಯ್ದ ದ್ರಾಕ್ಷಿ ಗೊಂಚಲನ್ನು ಮನೆಯಲ್ಲಿ ಎಷ್ಟು ದಿನ ಇಟ್ಟರೂ ಸಿಹಿಯಾಗುವುದಿಲ್ಲ. ಬಾಡುತ್ತದೆ ಅಷ್ಟೇ. ನೀರು ಹಾರಿ ಸುಕ್ಕಾದ ದ್ರಾಕ್ಷಿ ಸ್ವಲ್ಪ ಸಿಹಿ ಅನ್ನಿಸಬಹುದು, ಆದರೆ ಸಕ್ಕರೆ ಹೆಚ್ಚಾದದ್ದಲ್ಲ, ನೀರು ಕಮ್ಮಿಯಾದದ್ದು. ಈ ಗುಂಪಿನ ಹಣ್ಣು ಕೊಳ್ಳುವಾಗ ಒಂದು ಕಾಳು ಬಾಯಿಗೆ ಹಾಕಿ ನೋಡುವುದೇ ಸರಿ. ಇವತ್ತು ಸಪ್ಪೆ ಅಂದರೆ ನಾಳೆಯೂ ಸಪ್ಪೆ.

ಈ ವ್ಯತ್ಯಾಸಕ್ಕೆ ಕಾರಣ ಎಥಿಲೀನ್ ಅನ್ನುವ ಅನಿಲ. ಇದು ಹೊರಗಿನಿಂದ ಬಂದ ರಾಸಾಯನಿಕ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅಲ್ಲ, ಹಣ್ಣು ತಾನೇ ಇದನ್ನು ತಯಾರಿಸುತ್ತದೆ. ಗಿಡಗಳ ಮೇಲೆ ಎಥಿಲೀನ್ ಕೆಲಸ ಮಾಡುತ್ತದೆ ಅಂತ 1901ರಲ್ಲಿ ರಷ್ಯಾದ ನೆಲ್ಯುಬೊವ್ ತೋರಿಸಿದ್ದರು. ಹಣ್ಣು ತಾನಾಗಿಯೇ ಅದನ್ನು ಹೊರಗೆ ಬಿಡುತ್ತದೆ ಅಂತ 1934ರಲ್ಲಿ ಇಂಗ್ಲೆಂಡಿನ ಗೇನ್ ಸಾಬೀತು ಮಾಡಿದರು. ಮೊದಲ ಗುಂಪಿನ ಕಾಯಿ ಬಲಿತ ಮೇಲೆ ಸ್ವಲ್ಪ ಎಥಿಲೀನ್ ಬಿಡುತ್ತದೆ, ಆ ಸ್ವಲ್ಪ ಇನ್ನಷ್ಟು ಎಥಿಲೀನ್ ತಯಾರಾಗುವಂತೆ ಮಾಡುತ್ತದೆ, ಉಸಿರಾಟ ಒಮ್ಮೆಲೇ ಜೋರಾಗುತ್ತದೆ, ಕೆಲವೇ ದಿನದಲ್ಲಿ ಕಾಯಿ ಹಣ್ಣಾಗುತ್ತದೆ. ಎರಡನೇ ಗುಂಪಿನ ಹಣ್ಣುಗಳಲ್ಲಿ ಈ ಏರಿಕೆ ಇಲ್ಲ.

ಕಾಯಿಯನ್ನು ಭತ್ತದ ಹುಲ್ಲಿನಲ್ಲಿ ಮುಚ್ಚಿಟ್ಟು ಹಣ್ಣು ಮಾಡುವ, ಅಂದರೆ ಅಡೆ ಹಾಕುವ ಪದ್ಧತಿ ಇದೆಯಲ್ಲ, ಅದರ ಹಿಂದೆಯೂ ಇದೇ ಇದೆ. ಹುಲ್ಲು ಕಾಯಿಯನ್ನು ಹಣ್ಣು ಮಾಡುವುದಿಲ್ಲ. ಕಾಯಿ ಬಿಟ್ಟ ಎಥಿಲೀನ್ ಮತ್ತು ಬಿಸಿ ಬೇಗ ಚದುರಿ ಹೋಗದಂತೆ ತಡೆಯುತ್ತದೆ, ಹೆಚ್ಚಾದ ತೇವ ಹೀರಿಕೊಳ್ಳುತ್ತದೆ. ಏಲಕ್ಕಿ ಬಾಳೆಗೊನೆಗೆ ಹೊಗೆ ಹಾಕಿದರೆ ಬೇಗ ಹಣ್ಣಾಗುವುದೂ ಹೊಗೆಯಲ್ಲಿ ಎಥಿಲೀನ್ ಇರುವುದರಿಂದಲೇ. ಹೆಸರು ಗೊತ್ತಿಲ್ಲದೆಯೇ ನಮ್ಮ ಹಿರಿಯರು ಆ ಅನಿಲವನ್ನು ಇಷ್ಟು ಚೆನ್ನಾಗಿ ಬಳಸಿಕೊಂಡರು ಅನ್ನುವುದು ನನಗೆ ಪ್ರತಿ ಸಲವೂ ಅಚ್ಚರಿ.

ಸಿಹಿ ಎಲ್ಲಿಂದ ಬರುತ್ತದೆ?

ಬಲಿತ ಮಾವಿನಕಾಯಿಯ ತಿರುಳಿನಲ್ಲಿ ಪಿಷ್ಟ ತುಂಬಿರುತ್ತದೆ. ಪಿಷ್ಟ ಅಂದರೆ ಸಕ್ಕರೆಯ ಸಣ್ಣ ಕಣಗಳು ಸಾಲಾಗಿ ಕೊಂಡಿ ಹಾಕಿಕೊಂಡು ಆದ ಉದ್ದ ಸರಪಳಿ. ಅನ್ನ, ಮುದ್ದೆಯಲ್ಲಿರುವುದೂ ಇದೇ. ನಾಲಿಗೆಗೆ ಸಿಹಿ ಅನ್ನಿಸುವುದಿಲ್ಲ. ಹಣ್ಣಾಗುವಾಗ ಕಿಣ್ವಗಳು ಈ ಸರಪಳಿಯನ್ನು ತುಂಡರಿಸುತ್ತವೆ. ಕಿಣ್ವ ಅಂದರೆ ಜೀವಿಗಳ ಒಳಗೆ ಇಂಥ ಕತ್ತರಿಸುವ, ಜೋಡಿಸುವ ಕೆಲಸ ಬೇಗ ಆಗುವಂತೆ ಮಾಡುವ ಪ್ರೋಟೀನು. ಪಿಷ್ಟ ಹೀಗೆ ಸಕ್ಕರೆಯಾಗುತ್ತದೆ. ಬಾಳೆಯಲ್ಲಿ ಇದು ತುಂಬ ಚೆನ್ನಾಗಿ ಕಾಣುತ್ತದೆ. ಕಾಯಿ ತಿರುಳಿನ ತೂಕದಲ್ಲಿ ನೂರಕ್ಕೆ ಸುಮಾರು 20 ಭಾಗ ಪಿಷ್ಟ ಇದ್ದದ್ದು ಪೂರ್ತಿ ಹಣ್ಣಾದಾಗ ಒಂದೆರಡು ಭಾಗಕ್ಕೆ ಇಳಿಯುತ್ತದೆ.

ಹಣ್ಣಾಗುತ್ತಾ ಹೊಸ ಸಕ್ಕರೆ ಹುಟ್ಟಿತು ಅಂದುಕೊಳ್ಳಬೇಡಿ. ಕೂಡಿಟ್ಟದ್ದೇ ರೂಪ ಬದಲಿಸಿತು, ಅಷ್ಟೇ. ಒಟ್ಟು ಲೆಕ್ಕ ಹಾಕಿದರೆ ಉಸಿರಾಟಕ್ಕೆ ಒಂದಿಷ್ಟು ಖರ್ಚಾಗಿ ಸ್ವಲ್ಪ ಕಮ್ಮಿಯೇ ಆಗಿರುತ್ತದೆ. ಆದರೂ ಸಕ್ಕರೆ ಕಾಯಿಲೆ ಇರುವವರಿಗೆ ಈ ರೂಪ ಬದಲಾಗುವುದೇ ಮುಖ್ಯ. ಬಾಳೆಕಾಯಿಯ ಪಿಷ್ಟದಲ್ಲಿ ಒಂದು ಪಾಲು ಸುಲಭವಾಗಿ ಜೀರ್ಣವಾಗದೆ ಕರುಳಿನ ಕೆಳಭಾಗಕ್ಕೆ ಹೋಗಿ ಅಲ್ಲಿನ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ, ಚುಕ್ಕೆ ಬಿದ್ದ ಬಾಳೆಹಣ್ಣಿನ ಸಕ್ಕರೆ ಮಾತ್ರ ಬೇಗ ರಕ್ತಕ್ಕೆ ಸೇರುತ್ತದೆ. ಬಾಳೆಕಾಯಿಯನ್ನು ಬೇಯಿಸಿ ಪಲ್ಯ ಮಾಡಿದರೆ ಆ ಜೀರ್ಣವಾಗದ ಪಿಷ್ಟ ಸಾಕಷ್ಟು ಕಮ್ಮಿಯಾಗುತ್ತದೆ ಅನ್ನುವುದೂ ನೆನಪಿರಲಿ. ಹಣ್ಣಾದ ಮಾವಿನಲ್ಲಿ 100 ಗ್ರಾಂ ತಿರುಳಿಗೆ ಸುಮಾರು 14 ಗ್ರಾಂ ಸಕ್ಕರೆ ಇರುತ್ತದೆ.

ಪರಂಗಿಯ ಕಥೆ ಬೇರೆ. ಅದು ಕಿತ್ತ ಮೇಲೆ ಮೆತ್ತಗಾಗುತ್ತದೆ, ಬಣ್ಣ ತಿರುಗುತ್ತದೆ, ಆದರೆ ಅದರ ಹಗೇವಿನಲ್ಲಿ ಪಿಷ್ಟವೇ ಇಲ್ಲ ಅನ್ನಬಹುದು. ಸಿಹಿ ಎಲ್ಲ ಮರದಲ್ಲಿರುವಾಗಲೇ ಬರಬೇಕು. ಪೂರ್ತಿ ಹಸಿರಾಗಿರುವಾಗಲೇ ಕಿತ್ತ ಪರಂಗಿ ಒಳಗೆ ಕೆಂಪಾದರೂ ಸಪ್ಪೆಯಾಗಿರುವುದು ಇದಕ್ಕೇ. ತೊಗಟೆಯ ಮೇಲೆ ಒಂದೆರಡು ಹಳದಿ ಗೆರೆ ಮೂಡಿದ ಮೇಲೆ ಕಿತ್ತದ್ದನ್ನು ಆರಿಸಿಕೊಂಡರೆ ಮೋಸವಿಲ್ಲ.

ಇದರ ಜೊತೆಜೊತೆಗೇ ಹುಳಿ ಇಳಿಯುತ್ತದೆ, ಸಿಟ್ರಿಕ್ ಮತ್ತು ಮ್ಯಾಲಿಕ್ ಆಮ್ಲಗಳು ಉಸಿರಾಟಕ್ಕೆ ಖರ್ಚಾಗುತ್ತವೆ. ಜೀವಕೋಶಗಳನ್ನು ಅಂಟಿಸಿ ಹಿಡಿದಿದ್ದ ಪೆಕ್ಟಿನ್ ಕರಗುವ ರೂಪಕ್ಕೆ ಬಂದು ತಿರುಳು ಮೆತ್ತಗಾಗುತ್ತದೆ. ಸಪೋಟ ಕಾಯಿ ಕಚ್ಚಿದರೆ ಬಾಯೆಲ್ಲ ಒಗರಾಗುತ್ತದಲ್ಲ, ಅದಕ್ಕೆ ಕಾರಣವಾದ ಟ್ಯಾನಿನ್‌ಗಳು ಹಣ್ಣಾಗುವಾಗ ಒಂದಕ್ಕೊಂದು ಅಂಟಿಕೊಂಡು ದೊಡ್ಡದಾಗುತ್ತವೆ, ಆಮೇಲೆ ನಾಲಿಗೆಗೆ ತಗಲುವುದಿಲ್ಲ.

ಏರುವುದು: ಹಳದಿ ಬಣ್ಣದ ಬೀಟಾ ಕ್ಯಾರೋಟಿನ್

ಮಾವಿನ ವಿಷಯದಲ್ಲಿ ನಿಜವಾದ ಒಳ್ಳೆ ಸುದ್ದಿ ಇಲ್ಲಿದೆ. ಬಾದಾಮಿ ಹಣ್ಣಿನ ಕೇಸರಿ ಬಣ್ಣ ಬರುವುದು ಕ್ಯಾರೋಟಿನಾಯ್ಡ್ ಅನ್ನುವ ಬಣ್ಣದ ವಸ್ತುಗಳಿಂದ. ಅದರಲ್ಲಿ ಮುಖ್ಯವಾದದ್ದು ಬೀಟಾ ಕ್ಯಾರೋಟಿನ್. ನಮ್ಮ ದೇಹ ಅದನ್ನು ವಿಟಮಿನ್ ಎ ಆಗಿ ಬದಲಿಸಿಕೊಳ್ಳುತ್ತದೆ. ಕಣ್ಣಿಗೆ, ಚರ್ಮಕ್ಕೆ, ರೋಗ ತಡೆಯುವ ಶಕ್ತಿಗೆ ಬೇಕಾದದ್ದು ಇದು.

ಕಾಯಿ ಇದ್ದಾಗ ಇದು ತೀರಾ ಕಮ್ಮಿ. ಹಣ್ಣಾಗುತ್ತಾ ಹೋದ ಹಾಗೆ ಹಲವು ಪಟ್ಟು ಏರುತ್ತದೆ, ಅದೂ ಕಿತ್ತ ಮೇಲೆ, ಹುಲ್ಲಿನ ಅಡೆಯಲ್ಲೋ ನಿಮ್ಮ ಮನೆಯ ಮೂಲೆಯಲ್ಲೋ. ಹಸಿರು ಬಣ್ಣದ ಕ್ಲೋರೋಫಿಲ್ ಒಡೆದುಹೋಗುತ್ತದೆ, ಅದನ್ನು ಇಟ್ಟುಕೊಂಡಿದ್ದ ಪುಟ್ಟ ಕೋಶಭಾಗಗಳೇ ಕ್ಯಾರೋಟಿನ್ ತಯಾರಿಸಿ ತುಂಬಿಕೊಳ್ಳಲು ಶುರು ಮಾಡುತ್ತವೆ. ಅಂದರೆ ಕಿತ್ತು ಹಣ್ಣು ಮಾಡಿದ್ದರಲ್ಲಿ ಸತ್ವ ಇರಲ್ಲ ಅನ್ನುವ ಮಾತು ಈ ಪೋಷಕಾಂಶದ ಮಟ್ಟಿಗೆ ಸುಳ್ಳು. ಬಲಿತ ಕಾಯಿ ಆಗಿದ್ದರೆ ಕಿತ್ತ ಮೇಲೂ ಚೆನ್ನಾಗಿ ಏರುತ್ತದೆ. ಮರದಲ್ಲೇ ಪೂರ್ತಿ ಹಣ್ಣಾಗಲಿ ಅಂತ ಬಿಟ್ಟರೆ ಹಣ್ಣು ನೊಣದ ಕಾಟ ಜಾಸ್ತಿ, ಬಾದಾಮಿಯಲ್ಲಿ ತಿರುಳು ಒಳಗೊಳಗೇ ಬೆಳ್ಳಗೆ ಬೆಂಡಾಗುವ ತೊಂದರೆಯೂ ಹೆಚ್ಚು.

ತಳಿ ತಳಿಗೂ ವ್ಯತ್ಯಾಸ ಇದೆ. ಬಾದಾಮಿಯಲ್ಲಿ ಕ್ಯಾರೋಟಿನ್ ಜಾಸ್ತಿ, ತೋತಾಪುರಿಯಲ್ಲಿ ಕಮ್ಮಿ. ತಿರುಳಿನ ಬಣ್ಣ ಗಾಢವಾದಷ್ಟೂ ಕ್ಯಾರೋಟಿನ್ ಹೆಚ್ಚು ಅಂತ ಹೆಚ್ಚುಕಡಿಮೆ ನಂಬಬಹುದು. ಸಿಪ್ಪೆಯ ಬಣ್ಣ ನಂಬಬೇಡಿ. ಸೇಂದೂರ ತಳಿಯ ಮಾವಿನ ಕೆನ್ನೆ ಕೆಂಪಾಗುವುದು ಬಿಸಿಲು ಬಿದ್ದ ಕಡೆ ಮೂಡುವ ಬೇರೊಂದು ಬಣ್ಣದಿಂದ, ಒಳಗಿನ ಕ್ಯಾರೋಟಿನ್‌ಗೂ ಅದಕ್ಕೂ ಸಂಬಂಧವಿಲ್ಲ.

ಪರಂಗಿಯಲ್ಲಿ, ಕೆಂಪು ತಿರುಳಿನ ಸೀಬೆಯಲ್ಲಿ ಕೆಂಬಣ್ಣ ಕೊಡುವುದು ಲೈಕೋಪೀನ್. ಟೊಮೆಟೊದಲ್ಲಿರುವುದೂ ಇದೇ. ಅದೂ ಹಣ್ಣಾಗುತ್ತಾ ಏರುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕೊಟ್ಟ ಅರ್ಕ ಕಿರಣ್ ಸೀಬೆ ಈ ಲೈಕೋಪೀನ್‌ಗೇ ಹೆಸರುವಾಸಿ.

ಕ್ಯಾರೋಟಿನ್ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಹಾಗಾಗಿ ಹಣ್ಣಿನ ಜೊತೆ ಸ್ವಲ್ಪ ಜಿಡ್ಡು ಇದ್ದರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಹಾಲು ಬೆರೆಸಿದ ಸೀಕರಣೆ, ಕಾಯಿಹಾಲು ಹಾಕಿದ ರಸಾಯನ, ಊಟದ ಕೊನೆಗೆ ತಿಂದ ಎರಡು ಹೋಳು, ಇವೆಲ್ಲ ಖಾಲಿ ಹೊಟ್ಟೆಯಲ್ಲಿ ಹಣ್ಣು ಮಾತ್ರ ತಿನ್ನುವುದಕ್ಕಿಂತ ಈ ಒಂದು ವಿಷಯದಲ್ಲಿ ಮೇಲು.

ಇಳಿಯುವುದು: ವಿಟಮಿನ್ ಸಿ

ವಿಟಮಿನ್ ಸಿ ಬಲು ನಾಜೂಕು. ಗಾಳಿ ತಗುಲಿದರೆ, ಬಿಸಿಯಾದರೆ, ಬೆಳಕಿಗೆ ಬಿದ್ದರೆ ಒಡೆದುಹೋಗುತ್ತದೆ. ಹಣ್ಣಿನೊಳಗಿನ ಕೆಲವು ಕಿಣ್ವಗಳೂ ಅದನ್ನು ಒಡೆಯುತ್ತವೆ. ಮಾವಿನಕಾಯಿಯಲ್ಲಿ ಇದು ಜಾಸ್ತಿ, ಹಣ್ಣಾಗುತ್ತಾ ಇಳಿಯುತ್ತದೆ. ಹಣ್ಣಾದ ಮಾವಿನಲ್ಲಿ 100 ಗ್ರಾಂಗೆ ಸುಮಾರು 36 ಮಿಲಿಗ್ರಾಂ ಅಂತ ಲೆಕ್ಕ, ತಳಿಯಿಂದ ತಳಿಗೆ ಬದಲಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ದಿನಕ್ಕೆ ಗಂಡಸರಿಗೆ 80, ಹೆಂಗಸರಿಗೆ 65 ಮಿಲಿಗ್ರಾಂ ಬೇಕು. ಹಾಗಾಗಿ ಇಳಿದ ಮೇಲೂ ಒಂದು ದೊಡ್ಡ ಮಾವಿನಹಣ್ಣು ಸಾಕಷ್ಟು ಕೊಡುತ್ತದೆ.

ಬಸ್ ನಿಲ್ದಾಣಗಳ ಹತ್ತಿರ ತೋತಾಪುರಿ ಕಾಯಿ ಸೀಳಿ ಉಪ್ಪು ಖಾರ ಸವರಿ ಕೊಡುತ್ತಾರಲ್ಲ, ವಿಟಮಿನ್ ಸಿ ಲೆಕ್ಕದಲ್ಲಿ ಅದು ಹಣ್ಣಿಗಿಂತ ಮೇಲು. ಆಗಷ್ಟೇ ಸೀಳಿದ್ದಾಗಿದ್ದರೆ ಮಾತ್ರ. ಮನೆಯಲ್ಲಿ ಮಾವಿನಕಾಯಿ ಚಿತ್ರಾನ್ನ ಮಾಡುವಾಗ ತುರಿಯನ್ನು ಒಗ್ಗರಣೆಯಲ್ಲಿ ಬಾಡಿಸದೆ ಕೊನೆಗೆ ಕಲಸಿದರೆ ಒಂದಿಷ್ಟು ಉಳಿಯುತ್ತದೆ. ತಿಂಗಳುಗಟ್ಟಲೆ ಜಾಡಿಯಲ್ಲಿರುವ ಉಪ್ಪಿನಕಾಯಿಯಿಂದ ವಿಟಮಿನ್ ಸಿ ನಿರೀಕ್ಷೆ ಮಾಡಬೇಡಿ.

ಎಲ್ಲ ಹಣ್ಣಿನಲ್ಲೂ ಇದು ಇಳಿಯುತ್ತದೆ ಅಂತಲೂ ಅಲ್ಲ. ಪರಂಗಿಯಲ್ಲಿ ಹಣ್ಣಾಗುತ್ತಾ ವಿಟಮಿನ್ ಸಿ ಏರುತ್ತದೆ, ಪೂರ್ತಿ ಹಣ್ಣಿನಲ್ಲಿ 100 ಗ್ರಾಂಗೆ 60 ಮಿಲಿಗ್ರಾಂ ಆಸುಪಾಸು. ಸೀಬೆಯಂತೂ ಈ ವಿಷಯದಲ್ಲಿ ದೊಡ್ಡಣ್ಣ, 200 ಮಿಲಿಗ್ರಾಂ ದಾಟುತ್ತದೆ. ಅದರಲ್ಲಿ ಕಾಯಿ ಬಲಿತು ಹಣ್ಣಾಗುವ ತನಕ ಏರಿ, ಮೆತ್ತಗಾಗಿ ಗಮ್ಮೆನ್ನಲು ಶುರುವಾದ ಮೇಲೆ ಬೇಗ ಇಳಿಯುತ್ತದೆ. ಇನ್ನೂ ಕಡಿದರೆ ಕರಕರ ಅನ್ನುವ, ಬಣ್ಣ ತಿಳಿಯಾದ ಸೀಬೆ ಸರಿಯಾದ ಹದ. ಸಿಪ್ಪೆ ಮತ್ತು ಅದರ ಪಕ್ಕದ ತಿರುಳಿನಲ್ಲೇ ವಿಟಮಿನ್ ಸಿ ಹೆಚ್ಚಿರುವುದರಿಂದ ಸಿಪ್ಪೆ ಹೆರೆಯಬೇಡಿ. ಕಿತ್ತಳೆ, ಮೂಸಂಬಿಗಳಲ್ಲಿ ದಪ್ಪ ಸಿಪ್ಪೆ, ಜೊತೆಗೆ ಹುಳಿ. ಹುಳಿಯಲ್ಲಿ ವಿಟಮಿನ್ ಸಿ ಹೆಚ್ಚು ಭದ್ರ. ಅದಕ್ಕೇ ಅವು ವಾರಗಟ್ಟಲೆ ಇದ್ದರೂ ನಷ್ಟ ಕಮ್ಮಿ.

ಇದ್ದ ಹಾಗೇ ಇರುವುದು: ಖನಿಜಗಳು

ಪೊಟ್ಯಾಸಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ, ಕಬ್ಬಿಣ ಇವೆಲ್ಲ ಮೂಲವಸ್ತುಗಳು. ಕಿಣ್ವ ಇವನ್ನು ಒಡೆಯಲಾರದು, ಗಾಳಿ ಸುಡಲಾರದು. ಕಿತ್ತ ದಿನ ಎಷ್ಟಿತ್ತೋ ಹಣ್ಣಾದ ದಿನವೂ ಅಷ್ಟೇ. ಬಾಳೆಯಲ್ಲಿ 100 ಗ್ರಾಂಗೆ ಸುಮಾರು 360 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ, ಮಾವಿನಲ್ಲಿ ಅದರ ಅರ್ಧಕ್ಕಿಂತ ಸ್ವಲ್ಪ ಕಮ್ಮಿ. ಬಾಡಿದ ಹಣ್ಣನ್ನು ಅಳೆದರೆ ಗ್ರಾಂಗೆ ಸ್ವಲ್ಪ ಹೆಚ್ಚೇ ಕಾಣಬಹುದು, ನೀರು ಹಾರಿರುತ್ತದೆ ಅಷ್ಟೇ. ನಾರು ಪೂರ್ತಿ ಹೋಗುವುದಿಲ್ಲ, ಪೆಕ್ಟಿನ್ ಕರಗಿ ಒಂದು ಪಾಲು ರೂಪ ಬದಲಿಸುತ್ತದೆ.

ಎಳೆಕಾಯಿ ಕಿತ್ತರೆ ಏನಾಗುತ್ತದೆ?

ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ಜನ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದದ್ದು ಇಲ್ಲಿ. ಹೇಗೆ ಹಣ್ಣು ಮಾಡಿದರು ಅನ್ನುವುದಕ್ಕಿಂತ ಮೊದಲು, ಯಾವಾಗ ಕಿತ್ತರು ಅಂತ ಕೇಳಬೇಕು.

ಮೊದಲು ಮಾರುಕಟ್ಟೆಗೆ ಬಂದ ಹಣ್ಣಿಗೆ ಒಳ್ಳೆ ಬೆಲೆ. ಆ ಆಸೆಗೆ ಬಲಿಯದ ಕಾಯಿ ಕಿತ್ತರೆ ಹಗೇವು ಅರ್ಧವೂ ತುಂಬಿರುವುದಿಲ್ಲ. ಪಿಷ್ಟ ಕಮ್ಮಿ, ಹಾಗಾಗಿ ಸಿಹಿ ಕಮ್ಮಿ. ಕ್ಯಾರೋಟಿನ್ ತಯಾರಿಸುವ ಏರ್ಪಾಡು ಇನ್ನೂ ಸಿದ್ಧವಾಗಿರುವುದಿಲ್ಲ, ಹಾಗಾಗಿ ಬಣ್ಣ ಪೇಲವ. ಸಿಪ್ಪೆಯ ಮೇಲಿನ ಮೇಣದ ಪದರವೂ ಸರಿಯಾಗಿ ಕೂತಿರುವುದಿಲ್ಲ, ಬೇಗ ಸುಕ್ಕಾಗುತ್ತದೆ. ಇಂಥ ಕಾಯಿಯನ್ನು ಹುಲ್ಲಲ್ಲಿಟ್ಟರೂ, ಒಳ್ಳೆಯ ಎಥಿಲೀನ್ ಕೋಣೆಯಲ್ಲಿಟ್ಟರೂ ಒಳ್ಳೆ ಹಣ್ಣಾಗುವುದಿಲ್ಲ, ಯಾಕೆಂದರೆ ಕೂಡಿಟ್ಟದ್ದೇ ಇಲ್ಲ.

ಇಲ್ಲೇ ಕ್ಯಾಲ್ಸಿಯಂ ಕಾರ್ಬೈಡ್ ಬರುತ್ತದೆ. ತೇವ ತಗುಲಿದರೆ ಇದು ಅಸಿಟಿಲೀನ್ ಅನಿಲ ಬಿಡುತ್ತದೆ. ಅದು ಎಥಿಲೀನ್‌ನ ಕೆಲಸವನ್ನೇ ಸ್ವಲ್ಪ ಮಟ್ಟಿಗೆ ಮಾಡುತ್ತದೆ, ಮುಖ್ಯವಾಗಿ ಸಿಪ್ಪೆ ಹಳದಿ ಮಾಡುತ್ತದೆ. ಒಳಗೆ ಮಾತ್ರ ಹುಳಿ ಹುಳಿ, ಗಟ್ಟಿ, ವಾಸನೆ ಇಲ್ಲ. ಪೋಷಕಾಂಶದ ಮಾತು ಹಾಗಿರಲಿ, ಮಾರುಕಟ್ಟೆಯ ಕಾರ್ಬೈಡ್‌ನಲ್ಲಿ ಆರ್ಸೆನಿಕ್ ಮತ್ತು ರಂಜಕದ ಅಂಶ ಸೇರಿರುತ್ತದೆ, ಅದು ವಿಷ. ಹಣ್ಣು ಮಾಡಲು ಇದನ್ನು ಬಳಸುವುದು 2011ರ ಆಹಾರ ಸುರಕ್ಷತಾ ನಿಯಮಗಳಲ್ಲಿ ನಿಷೇಧ.

ಎಥಿಲೀನ್ ಅನಿಲಕ್ಕೆ ಮಾತ್ರ ಅನುಮತಿ ಇದೆ, 100 ಪಿಪಿಎಂವರೆಗೆ, ಅಂದರೆ ಗಾಳಿಯ 10 ಲಕ್ಷ ಪಾಲಿನಲ್ಲಿ 100 ಪಾಲು. ಮುಚ್ಚಿದ ಕೋಣೆಯಲ್ಲಿ ಒಂದೆರಡು ದಿನ ಕೊಟ್ಟರೆ ಸಾಕು, ಉಳಿದದ್ದನ್ನು ಹಣ್ಣೇ ಮಾಡಿಕೊಳ್ಳುತ್ತದೆ. ಬಲಿತ ಕಾಯಿಗೆ ಹೀಗೆ ಎಥಿಲೀನ್ ಕೊಟ್ಟು ಮಾಡಿದ ಹಣ್ಣಿಗೂ ಹುಲ್ಲಲ್ಲಿ ಮಾಡಿದ ಹಣ್ಣಿಗೂ ಪೋಷಕಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಹುಲ್ಲಲ್ಲಿ ನಿಧಾನವಾಗಿ ಆದದ್ದರ ಪರಿಮಳವೇ ಬೇರೆ ಅನ್ನುವವರ ಮಾತನ್ನು ನಾನಂತೂ ತಳ್ಳಿಹಾಕುವುದಿಲ್ಲ. ಎಥಿಲೀನ್ ಕೊಟ್ಟಿದ್ದೆಲ್ಲ ಕಾರ್ಬೈಡ್ ಅಂತ ಸುಮ್ನೆ ಹೆದರುವುದು ಮಾತ್ರ ಬೇಡ.

ಬಲಿತ ಕಾಯಿ ಗುರುತಿಸುವುದು ಹೇಗೆ? ತೊಟ್ಟಿನ ಎರಡೂ ಪಕ್ಕದ ಭುಜ ತುಂಬಿ ತೊಟ್ಟು ಸ್ವಲ್ಪ ಗುಳಿಯಲ್ಲಿ ಕೂತ ಹಾಗೆ ಕಾಣಬೇಕು. ನೀರಿಗೆ ಹಾಕಿದರೆ ಬಲಿತದ್ದು ಮುಳುಗುತ್ತದೆ, ಎಳೆಯದು ತೇಲುತ್ತದೆ. ಕತ್ತರಿಸಿದರೆ ಓಟೆ ಗಟ್ಟಿಯಾಗಿದ್ದು ಅದರ ಸುತ್ತಲ ತಿರುಳು ಬಿಳಿಯಿಂದ ಕೆನೆಬಣ್ಣಕ್ಕೆ ತಿರುಗಿರಬೇಕು. ಹಣ್ಣು ಕೊಳ್ಳುವಾಗ ತೊಟ್ಟಿನ ಹತ್ತಿರ ಮೂಸಿ ನೋಡಿ. ಪರಿಮಳ ಇಲ್ಲದ, ಒಂದೇ ಸಮ ಹೊಳೆಯುವ ಹಳದಿ ಹಣ್ಣು ಕಂಡರೆ ಎರಡು ಸಲ ಯೋಚಿಸಿ. ಇನ್ನೊಂದು ವಿಷಯ, ನಮ್ಮ ಕೋಲಾರದ ಮಾವು ಮೇ ತಿಂಗಳ ಮಧ್ಯದಿಂದ ಜೂನ್, ಜುಲೈವರೆಗೆ ಚೆನ್ನಾಗಿ ಬರುವ ಬೆಳೆ. ಯುಗಾದಿಗೆ ಹೊಂದಿಕೊಂಡೇ "ಕೋಲಾರದ ಬಾದಾಮಿ" ಅಂತ ಯಾರಾದರೂ ಮಾರಿದರೆ ಅದು ಬಲಿತಿದೆಯಾ ಅಂತ ಕೇಳುವುದು ನಿಮ್ಮ ಹಕ್ಕು.

ಫ್ರಿಜ್ಜಿನಲ್ಲಿ ಇಡಬೇಕಾ, ಬೇಡ್ವಾ?

ತಂಪು ಉಸಿರಾಟ ನಿಧಾನ ಮಾಡುತ್ತದೆ, ಹಾಗಾದರೆ ತಂದ ತಕ್ಷಣ ಫ್ರಿಜ್ಜಿಗೆ ಹಾಕಿದರಾಯಿತು ಅನ್ನಿಸಬಹುದು. ಬಿಸಿನಾಡಿನ ಹಣ್ಣುಗಳಿಗೆ ಇದು ನಡೆಯುವುದಿಲ್ಲ. ಮಾವು, ಬಾಳೆಗೆ ಸುಮಾರು 13 ಡಿಗ್ರಿಗಿಂತ ಕೆಳಗೆ ಹೋದರೆ ಕೋಶಗಳ ಪೊರೆ ಕೆಡುತ್ತದೆ. ಮನೆಯ ಫ್ರಿಜ್ಜು ಇರುವುದು 4ರಿಂದ 8 ಡಿಗ್ರಿ. ಕಾಯಿಯನ್ನು ಅಲ್ಲಿಟ್ಟರೆ ಎಥಿಲೀನ್ ಏರಿಕೆಯೇ ಸರಿಯಾಗಿ ಆಗುವುದಿಲ್ಲ, ಸಿಪ್ಪೆಯಲ್ಲಿ ಕಪ್ಪು ಗುಳಿ ಬೀಳುತ್ತದೆ, ಹೊರಗೆ ತೆಗೆದ ಮೇಲೂ ಬಣ್ಣ, ರುಚಿ ಬರುವುದಿಲ್ಲ. ಬಣ್ಣ ಬರದಿದ್ದರೆ ಕ್ಯಾರೋಟಿನ್ ಬಂದಿಲ್ಲ ಅಂತಲೇ ಅರ್ಥ.

ಹಾಗಾಗಿ ಕಾಯಿ ಹೊರಗೆ, ಪೂರ್ತಿ ಹಣ್ಣಾದ ಮೇಲೆ ಒಳಗೆ. ಹಣ್ಣಾದದ್ದನ್ನು ಎರಡು ಮೂರು ದಿನ ಫ್ರಿಜ್ಜಿನಲ್ಲಿಟ್ಟರೆ ತೊಂದರೆ ಏನೂ ಇಲ್ಲ, ವಿಟಮಿನ್ ಸಿ ಇಳಿಯುವುದೂ ನಿಧಾನವಾಗುತ್ತದೆ. ದ್ರಾಕ್ಷಿ, ನೇರಳೆ ಇವನ್ನು ತಂದ ದಿನವೇ ಫ್ರಿಜ್ಜಿಗೆ ಹಾಕಬಹುದು, ಅವು ಹಣ್ಣಾಗುವುದು ಬಾಕಿ ಇಲ್ಲ. ತೊಳೆಯುವುದು ಮಾತ್ರ ತಿನ್ನುವ ಮುಂಚೆ, ತೇವ ಇದ್ದರೆ ಬೂಸ್ಟು ಬೇಗ.

ಅತಿ ಬಿಸಿಯೂ ಒಳ್ಳೆಯದಲ್ಲ. ಮಾವು ಚೆನ್ನಾಗಿ ಹಣ್ಣಾಗುವುದು 20ರಿಂದ 25 ಡಿಗ್ರಿ ಆಸುಪಾಸಿನಲ್ಲಿ. 30 ದಾಟಿ ಹೋದ ಹಾಗೆ ತಿರುಳು ಬೇಗ ಮೆತ್ತಗಾಗುತ್ತದೆ, ಬಣ್ಣ ಹಿಂದೆ ಬೀಳುತ್ತದೆ, ರುಚಿ ಕೆಡುತ್ತದೆ. ಮನೆಯಲ್ಲಿ ತಣ್ಣಗಿನ ನೆಲ, ಮೇಲೊಂದು ಹತ್ತಿ ಬಟ್ಟೆ, ದಿನಕ್ಕೊಮ್ಮೆ ತಿರುವಿ ಹಾಕುವುದು, ಕೆಟ್ಟದ್ದನ್ನು ಕೂಡಲೇ ಎತ್ತಿಡುವುದು, ಇಷ್ಟು ಸಾಕು. ಕೆಟ್ಟ ಹಣ್ಣು ಎಥಿಲೀನ್ ಜಾಸ್ತಿ ಬಿಡುತ್ತದೆ, ಪಕ್ಕದವೂ ಅವಸರದಲ್ಲಿ ಹಣ್ಣಾಗಿ ಕೆಡುತ್ತವೆ.

ಕೊಯ್ದ ಮೇಲೆ, ತಿರುಳು ಮಾಡಿದ ಮೇಲೆ

ಚಾಕು ಹಾಕಿದ ಕ್ಷಣ ಕೋಶಗಳು ಒಡೆದು ಒಳಗಿನದು ಗಾಳಿಗೆ ತೆರೆದುಕೊಳ್ಳುತ್ತದೆ. ವಿಟಮಿನ್ ಸಿ ಕಳೆಯುವುದಕ್ಕೆ ಶುರು. ಬಿಸಿಲಲ್ಲಿ, ಮುಚ್ಚದೆ ಇಟ್ಟ ಹೋಳುಗಳಲ್ಲಿ ಇದು ಬೇಗ, ಜೊತೆಗೆ ನೊಣ, ಧೂಳು, ಸೂಕ್ಷ್ಮಜೀವಿಗಳ ಅಪಾಯ. ಮುಚ್ಚಿದ ಡಬ್ಬದಲ್ಲಿ, ಫ್ರಿಜ್ಜಿನಲ್ಲಿ ಇಟ್ಟ ಮಾವಿನ ಹೋಳುಗಳಲ್ಲಿ ನಷ್ಟ ಅಷ್ಟೇನೂ ದೊಡ್ಡದಲ್ಲ. ಮಕ್ಕಳ ಡಬ್ಬಿಗೆ ಬೆಳಿಗ್ಗೆ ಹೋಳು ಹಾಕಿ ಕಳಿಸಿದರೆ ಮಧ್ಯಾಹ್ನದಷ್ಟೊತ್ತಿಗೆ ಸತ್ವವೆಲ್ಲ ಹೋಗಿಬಿಡುತ್ತದೆ ಅನ್ನುವ ಭಯ ಬೇಡ. ಮಿಕ್ಸಿಯಲ್ಲಿ ಗಾಳಿ ಬೆರೆತು ಅರೆದ ಜ್ಯೂಸು ಮಾತ್ರ ಮಾಡಿದ ಕೂಡಲೇ ಕುಡಿದರೆ ಒಳ್ಳೆಯದು. ಹಣ್ಣಿನ ರಸವನ್ನು ತಾಮ್ರದ ಪಾತ್ರೆಯಲ್ಲಿ ಇಡಲೇಬೇಡಿ, ತಾಮ್ರ ತಾಗಿದರೆ ವಿಟಮಿನ್ ಸಿ ಬಹಳ ಬೇಗ ಹೋಗುತ್ತದೆ, ಹುಳಿಗೆ ತಾಮ್ರವೂ ಬಿಡುತ್ತದೆ.

ಕಾರ್ಖಾನೆಯಲ್ಲಿ ತೋತಾಪುರಿ ತಿರುಳನ್ನು ಕಾಯಿಸಿ ಡಬ್ಬಕ್ಕೆ ತುಂಬುವಾಗ ವಿಟಮಿನ್ ಸಿ ಒಂದು ಪಾಲು ನಷ್ಟ, ಕ್ಯಾರೋಟಿನ್ ಬಹುಪಾಲು ಉಳಿಯುತ್ತದೆ. ಅದೇ ತಿರುಳಿಗೆ ನೀರು, ಸಕ್ಕರೆ ಬೆರೆಸಿ ಬಾಟಲಿಯಲ್ಲಿ ಬರುವ ಪಾನೀಯದಲ್ಲಿ ಹಣ್ಣಿನ ಪಾಲೇ ಸಣ್ಣದು, ಲೇಬಲ್ಲಿನಲ್ಲಿ ಎಷ್ಟು ಶೇಕಡಾ ಅಂತ ಬರೆದಿರುತ್ತದೆ, ಓದಿಕೊಳ್ಳಿ. ಬಿಸಿಲಲ್ಲಿ ಪದರ ಪದರವಾಗಿ ಒಣಗಿಸಿದ ಮಾಂಬಳದಲ್ಲಿ ವಿಟಮಿನ್ ಸಿ ಬಹುತೇಕ ಹೋಗುತ್ತದೆ, ಬೆಳಕಿಗೆ ಕ್ಯಾರೋಟಿನ್ ಕೂಡ ಒಂದಿಷ್ಟು ಕಮ್ಮಿಯಾಗುತ್ತದೆ. ಸಕ್ಕರೆ, ನಾರು, ಖನಿಜ ಒತ್ತಾಗಿ ಉಳಿಯುತ್ತವೆ. ಅದಕ್ಕೆ ಸಣ್ಣ ತುಂಡು ಸಾಕು.

ಬೆಲೆ ಬಿದ್ದ ವಾರದಲ್ಲಿ ಹಣ್ಣು ಜಾಸ್ತಿ ತಂದುಬಿಟ್ಟರೆ ಮಾಡಬಹುದಾದ ಒಳ್ಳೆಯ ಕೆಲಸ ಅಂದರೆ ಫ್ರೀಜರ್. ಹಣ್ಣು ಸರಿಯಾದ ಹದದಲ್ಲಿರುವಾಗಲೇ, ಮೆತ್ತಗಾಗಿ ಹುಳಿ ವಾಸನೆ ಬರುವ ಮೊದಲೇ, ತಿರುಳು ತೆಗೆದು ಒಂದು ಸಲಕ್ಕೆ ಬೇಕಾದಷ್ಟನ್ನೇ ಸಣ್ಣ ಡಬ್ಬಕ್ಕೋ ಜಿಪ್ ಕವರಿಗೋ ಗಾಳಿ ಉಳಿಯದ ಹಾಗೆ ತುಂಬಿ ಇಡಿ. ಮೈನಸ್ 18 ಡಿಗ್ರಿಯಲ್ಲಿ ಉಸಿರಾಟವೂ ಇಲ್ಲ, ಕಿಣ್ವಗಳ ಕೆಲಸವೂ ಹೆಚ್ಚುಕಡಿಮೆ ನಿಂತಿರುತ್ತದೆ, ಕ್ಯಾರೋಟಿನ್, ವಿಟಮಿನ್ ಸಿ ಎರಡೂ ತಿಂಗಳುಗಟ್ಟಲೆ ಸಾಕಷ್ಟು ಉಳಿಯುತ್ತವೆ. ತೆಗೆದು ಕರಗಿಸಿದ್ದನ್ನು ಮತ್ತೆ ಫ್ರೀಜರಿಗೆ ಹಾಕಬೇಡಿ. ಆಷಾಢ ಕಳೆದು ತೋಪು ಖಾಲಿಯಾದ ಮೇಲೂ ಗೌರಿ ಹಬ್ಬದ ಹೋಳಿಗೆ ಜೊತೆಗೆ ಆ ಬಾದಾಮಿಯದ್ದೇ ಸೀಕರಣೆ ಮಾಡಬಹುದು.